ಕೆರೆ ತುಂಬಿತು, ದೋಣಿಯೂ ತುಂಬಿತು: ಒಂದು ಇಳಿಜಾರಿನ ಪ್ರಕರಣ

ದೋಣಿಗೆ ಟ್ರೈಲರ್ ಮಾಡಿಕೊಟ್ಟವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅರ್ಚಕರನ್ನೂ ಟ್ರ್ಯಾಕ್ಟರ್ ಓಡಿಸಿದವನನ್ನೂ ನೆನೆದು ನಗುವಾಗ ಅದರಲ್ಲಿ ನನ್ನ ಪಾಲು ಎಷ್ಟೆಂದು ಓದುವವರಿಗೆ ತಿಳಿದಿರಬೇಕು.

ಕೋಲಾರ ತಾಲ್ಲೂಕಿನಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ ಇದೆ. ಟ್ರ್ಯಾಕ್ಟರ್ ಟ್ರೈಲರ್, ಗೇಟು, ಕಿಟಕಿಯ ಸರಳು, ಟೊಮೆಟೊ ಕ್ರೇಟು ಸಾಗಿಸುವ ಗಾಡಿ, ಹಸುವಿನ ಕೊಟ್ಟಿಗೆಗೆ ಶೀಟಿನ ಮಾಡು, ಇಷ್ಟೇ ನನ್ನ ಪ್ರಪಂಚ. ಅಂಗಡಿ ಇಟ್ಟ ಮೇಲೆ ದೋಣಿಯ ಕೆಲಸವೆಂದು ಬಾಗಿಲಿಗೆ ಬಂದದ್ದು ಇದೊಂದೇ. ತೆಪ್ಪೋತ್ಸವ ಸಮಿತಿಯವರು ನಂತರ, "ಏನಾಯಿತೆಂದು ಬರೆದುಕೊಡಿ, ಮುಂದಿನ ವರ್ಷದವರಿಗೆ ಬೇಕಾಗುತ್ತದೆ" ಎಂದರು. ಅವರಿಗೆ ಎರಡು ಪುಟ ಕೊಟ್ಟೆ. ಆ ಎರಡು ಪುಟದಲ್ಲಿ ಬಿಟ್ಟದ್ದೇ ಹೆಚ್ಚು.

ದೋಣಿ ಕಾಣದ ಸೀಮೆ

ಪಾಲಾರ್, ದಕ್ಷಿಣ ಪಿನಾಕಿನಿ ಎಂದು ಹೇಳಿಕೊಳ್ಳಲು ನಮಗೂ ಹೊಳೆಗಳಿವೆ. ವರ್ಷವಿಡೀ ಹರಿಯುವುದು ಒಂದೂ ಇಲ್ಲ. ನಮ್ಮದು ಕೆರೆಗಳ ಜಿಲ್ಲೆ, ಆದರೆ ನನ್ನ ವಯಸ್ಸಿನವರಿಗೆ ಕೆರೆಯೆಂದರೆ ಕ್ರಿಕೆಟ್ ಆಡಿದ ಜಾಗ, ಜಾಲಿಮುಳ್ಳು ಚುಚ್ಚಿಸಿಕೊಂಡ ಜಾಗ. ಕೊಳವೆಬಾವಿ ಸಾವಿರ ಅಡಿ ದಾಟಿದ ಕಾಲದಲ್ಲಿ ಬೆಳೆದವರಿಗೆ ಈಜು ಕಲಿಸುವವರು ಯಾರು?

2018ರಲ್ಲಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯ ನೀರು ಜಿಲ್ಲೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೊಳವೆಯಲ್ಲಿ ತಂದು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. ಅಲ್ಲಿಂದ ಒಂದು ಕೆರೆಯ ಕೋಡಿ ಇನ್ನೊಂದಕ್ಕೆ ಹರಿಯಿತು. ಆ ನೀರು ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಕೋರ್ಟಿನವರೆಗೂ ಹೋಯಿತು, ಇಲ್ಲಿ ಅದರ ತಂಟೆ ಬೇಡ. 2021ರ ನವೆಂಬರಿನಲ್ಲಿ ಮಳೆಯೂ ಕೈಬಿಚ್ಚಿ ಸುರಿಯಿತು. ಕೋಡಿ ಹರಿಯುವುದನ್ನು ನೋಡಲು ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಏರಿಯ ಮೇಲೆ ನಿಂತರು. ನಮ್ಮ ಪಕ್ಕದ ಊರಿನ ಕೆರೆಯೂ ತುಂಬಿತು. ನಿಂತುಹೋಗಿದ್ದ ತೆಪ್ಪೋತ್ಸವ ಮತ್ತೆ ಶುರುವಾಯಿತು. ತೆಪ್ಪಕ್ಕೆ ಡ್ರಮ್ಮು, ಹಲಗೆ ಸಾಕು. ಆದರೆ ರಾತ್ರಿ ಹೊತ್ತು, ತುಂಬಿದ ಕೆರೆ, ಈಜು ಬಾರದ ಜನ. ಕಾವಲಿಗೆ ಒಂದು ದೋಣಿ ಇರಲಿ ಎಂಬ ಮಾತು ಎದ್ದಿತು. ಕೆರೆಯ ಮೀನು ಗುತ್ತಿಗೆ ಹಿಡಿದವನು ಅರ್ಧ ಹಣ ಹಾಕಲು ಒಪ್ಪಿದ. ಕರಾವಳಿಯಿಂದ 16 ಅಡಿಯ ಹಳೆಯ ಫೈಬರ್ ದೋಣಿಯೊಂದು, ಹಿಂಬದಿಗೆ ಸಿಕ್ಕಿಸುವ ಮೋಟಾರು ಸಮೇತ, ಲಾರಿಯ ಮೇಲೆ ಬಂದು ನನ್ನ ಅಂಗಡಿಯ ಮುಂದೆ ಇಳಿಯಿತು.

ಅದನ್ನು ನೋಡಲು ಮೂರು ದಿನ ಜನ ಬಂದರು. ಒಬ್ಬಾತ ಬೆರಳಲ್ಲಿ ಬಡಿದು, "ಇದು ನೀರಿನ ಟ್ಯಾಂಕಿನ ಮಾಲೇ ಅಲ್ಲವೇ?" ಎಂದು ಕೇಳಿ ಹೋದ.

ಆ ಇಳಿಜಾರು

ಅಮೆರಿಕ, ಆಸ್ಟ್ರೇಲಿಯಾ ಕಡೆ ಕೆರೆ, ಸಮುದ್ರಗಳ ದಡದಲ್ಲಿ ದೋಣಿ ಇಳಿಸಲೆಂದೇ ಸಾರ್ವಜನಿಕ ಇಳಿಜಾರುಗಳಿರುತ್ತವೆ. ರಜೆಯ ದಿನ ಜನ ಕಾರಿನ ಹಿಂದೆ ದೋಣಿ ಕಟ್ಟಿಕೊಂಡು ಬಂದು, ಹಿಂದಕ್ಕೆ ಬಿಡಲು ಬಾರದೆ ಒದ್ದಾಡುತ್ತಾರೆ. ಆ ಒದ್ದಾಟದ ವಿಡಿಯೊಗಳನ್ನು ಈ ಘಟನೆಯಾದ ಮೇಲೆ ರಾತ್ರಿಯೆಲ್ಲ ನೋಡಿದ್ದೇನೆ. ನಮ್ಮ ಕಡೆ ಕೆರೆಗೆ ಇರುವುದು ಗಣೇಶನನ್ನು ಬಿಡುವ ಇಳಿಜಾರು. ವರ್ಷದಲ್ಲಿ ಹತ್ತು ದಿನ ಗಣಪತಿ, ಉಳಿದ ದಿನ ಎಮ್ಮೆ, ಬಟ್ಟೆ, ಟ್ರ್ಯಾಕ್ಟರ್ ತೊಳೆಯುವವರು.

ಇದನ್ನು ಕೆರೆ ಒಣಗಿದ್ದ ಕಾಲದಲ್ಲಿ ಕಾಂಕ್ರೀಟು ಹಾಕಿ ಮಾಡಿದ್ದರು. ಉದ್ದ 36 ಅಡಿ. ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಟ್ಯೂಬಿನಿಂದ ನಾನು ನಂತರ ಅಳೆದೆ. ಐದು ಅಡಿಗೆ ಒಂದು ಅಡಿ ಇಳಿಯುತ್ತದೆ. ದೋಣಿಗೆಂದು ಕಟ್ಟುವ ಇಳಿಜಾರು ಸಾಮಾನ್ಯವಾಗಿ ಏಳೆಂಟು ಅಡಿಗೆ ಒಂದು ಅಡಿ ಇಳಿಯುತ್ತದೆ. ಗಣಪತಿಗೆ ಇಳಿಯುವುದು ಮಾತ್ರ ಗೊತ್ತು, ಹತ್ತುವ ಯೋಚನೆ ಇಲ್ಲ. ಹಾಗಾಗಿ ಯಾರೂ ದೂರಲಿಲ್ಲ.

ಕೆರೆ ತುಂಬಿದ್ದಾಗ ಈ 36 ಅಡಿಯಲ್ಲಿ 28 ಅಡಿ ನೀರೊಳಗೆ ಇರುತ್ತದೆ. ನಾವು ದೋಣಿ ಇಳಿಸಿದ್ದು 2023ರ ಫೆಬ್ರವರಿಯಲ್ಲಿ. ನೀರು ಕೋಡಿಗಿಂತ ಮೂರು ಅಡಿ ಕೆಳಗಿಳಿದಿತ್ತು. ಮೂರು ಅಡಿ ತಾನೇ ಎನಿಸುತ್ತದೆ. ಇಳಿಜಾರಿನ ಉದ್ದದಲ್ಲಿ ಅದು ಹದಿನೈದು ಅಡಿ. ಅಂದರೆ ಆ ದಿನ ನೀರೊಳಗೆ ಉಳಿದಿದ್ದ ಕಾಂಕ್ರೀಟು 13 ಅಡಿ. ಅದರ ತುದಿಯಲ್ಲಿ ಎರಡೂವರೆ ಅಡಿ ನೀರು, ತುದಿ ದಾಟಿದರೆ ಒಮ್ಮೆಲೇ ಕೆಸರು. ಈ ಲೆಕ್ಕವನ್ನು ನಾನು ಮಾಡಿದ್ದು ಮರುದಿನ.

ಭಾನುವಾರ ಬೆಳಿಗ್ಗೆ

ತೆಪ್ಪೋತ್ಸವಕ್ಕೆ ಏಳು ದಿನವಿತ್ತು. ಅಂಗಡಿಯಿಂದ ಕೆರೆಗೆ 12 ಕಿಲೋಮೀಟರ್. ದೋಣಿಯನ್ನು ಟ್ರೈಲರ್‌ಗೆ ಕಟ್ಟಿದವನೂ ನಾನೇ. ಮುಂದೆ ಮೂತಿಗೆ ವಿಂಚಿನ (ಹಿಡಿ ತಿರುಗಿಸಿ ಹಗ್ಗ ಸುತ್ತುವ ರಾಟೆಯ) ಹಗ್ಗ, ಹಿಂದೆ ಟೊಮೆಟೊ ಲೋಡಿಗೆ ಬಿಗಿಯುವಂತೆ ಎರಡು ಸುತ್ತು ನೈಲಾನ್ ಹಗ್ಗ. ಮಾಲು ಮಾರುಕಟ್ಟೆ ಸೇರುವವರೆಗೆ ಅಲ್ಲಾಡಬಾರದು ಎಂಬುದೊಂದೇ ನನಗೆ ಗೊತ್ತಿದ್ದ ನಿಯಮ.

ಏರಿಯ ಮೇಲೆ ನಲವತ್ತು ಜನ ಸೇರಿದ್ದರು. ಅರ್ಚಕರು ದೋಣಿಯ ಮೂತಿಗೆ ಅರಿಸಿನ, ಕುಂಕುಮ ಹಚ್ಚಿ, ಆರತಿಯನ್ನು ಒಳಗಿನಿಂದಲೇ ಆಗಬೇಕೆಂದು ಸ್ಟೂಲು ಹಾಕಿಸಿಕೊಂಡು ಹತ್ತಿದರು. ಹತ್ತಿದವರು ಇಳಿಯಲಿಲ್ಲ. ಮೊದಲ ಸಲ ನೀರು ಮುಟ್ಟುವಾಗ ದೇವರ ಹೆಸರು ಹೇಳುವವರು ಒಳಗಿರಬೇಕು ಎಂದರು. ಸರಿ ಎನಿಸಿತು.

ಟ್ರ್ಯಾಕ್ಟರ್ ಹುಡುಗ ಹಿಂದಕ್ಕೆ ಬಿಟ್ಟ ಚಂದವನ್ನು ಹೇಳಲೇಬೇಕು. ವಿದೇಶದ ವಿಡಿಯೊಗಳಲ್ಲಿ ಜನ ಸೋಲುವುದೇ ಇಲ್ಲಿ. ಟ್ರೈಲರ್ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗ್ ಬಲಕ್ಕೆ ತಿರುಗಬೇಕು, ತಿರುಗಿದ ಮೇಲೆ ಕೂಡಲೇ ಅದನ್ನೇ ಹಿಂಬಾಲಿಸಬೇಕು, ಇಲ್ಲವಾದರೆ ಗಾಡಿ ಮಡಚಿಕೊಳ್ಳುತ್ತದೆ. ಟೊಮೆಟೊ ಕಾಲದಲ್ಲಿ ಮಂಡಿಯ ಇಕ್ಕಟ್ಟಿನಲ್ಲಿ ಗಾಡಿ ತೂರಿಸುವ ನಮ್ಮ ಹುಡುಗರಿಗೆ ಇದು ಎಡಗೈ ಕೆಲಸ. ಒಂದೇ ಪಟ್ಟಿಗೆ, ಒಮ್ಮೆಯೂ ನಿಲ್ಲಿಸದೆ, ಅಳೆದಿಟ್ಟಂತೆ ಇಳಿಜಾರಿನ ನಡುವಿಗೆ ತಂದ. ಶಿಳ್ಳೆ ಬಿತ್ತು. ಆ ಶಿಳ್ಳೆಯಿಂದಲೇ ನಾವೆಲ್ಲ ಕೆಟ್ಟೆವು, ಕಷ್ಟದ ಭಾಗ ಮುಗಿಯಿತು ಎಂದುಕೊಂಡೆವು.

ದೋಣಿಯ ತಳ ನೀರಿಗೆ ತಾಗಿತು. ನಾನು ಮುಂದಿನ ವಿಂಚಿನ ಹಗ್ಗ ಬಿಚ್ಚಿದೆ. ದೋಣಿ ತೇಲಲಿಲ್ಲ. "ಇನ್ನೂ ಸ್ವಲ್ಪ ಬರಲಿ" ಎಂದರು ಸಮಿತಿಯವರು. "ಬರಲಿ, ಬರಲಿ, ರೈಟ್" ಎಂದು ಬಸ್ ಕಂಡಕ್ಟರ್‌ನಂತೆ ಇನ್ನೊಬ್ಬರು ಕೂಗಿದರು. ನಲವತ್ತು ಜನರೂ ಕಂಡಕ್ಟರ್‌ಗಳಾದರು. ದೋಣಿಯ ಮೂತಿ ಮೇಲೇಳುತ್ತಿದೆ, ಹಿಂಭಾಗ ಮಾತ್ರ ಟ್ರೈಲರ್ ಜೊತೆಗೇ ಮುಳುಗುತ್ತಿದೆ. ನನ್ನ ಟೊಮೆಟೊ ಗಂಟು ನೀರೊಳಗೆ ನಿಷ್ಠೆಯಿಂದ ತನ್ನ ಕೆಲಸ ಮಾಡುತ್ತಿತ್ತು.

ಆಗ ಕೇಳಿಸಿತು ಆ ಸದ್ದು: ದಡಕ್. ಟ್ರೈಲರ್‌ನ ಎರಡೂ ಚಕ್ರಗಳು ಕಾಂಕ್ರೀಟಿನ ತುದಿ ದಾಟಿ ಕೆಸರಿಗೆ ಬಿದ್ದವು. ಹಿಂಭಾಗ ಒಂದು ಅಡಿ ಕುಸಿದು, ಮೋಟಾರು ಕೂರುವ ತಗ್ಗಿನ ಮೇಲಿನಿಂದ ನೀರು ಧಬಧಬನೆ ಒಳನುಗ್ಗಿತು. ಮೀನು ಗುತ್ತಿಗೆಯವನು ತಡಮಾಡಲಿಲ್ಲ. ತೆಂಗಿನಕಾಯಿ ಒಡೆಯಲು ತಂದಿದ್ದ ಮಚ್ಚು ಹಿಡಿದು ಎದೆಮಟ್ಟದ ನೀರಿಗಿಳಿದು ನನ್ನ ಹಗ್ಗವನ್ನು ಕಡಿದುಹಾಕಿದ. ದೋಣಿ ಹಗ್ಗ ಕಿತ್ತ ಕರುವಿನಂತೆ ಜಿಗಿದು ಹೊರಟಿತು.

ಬಟ್ಟೆ ಒಗೆಯುತ್ತಿದ್ದ ಒಬ್ಬ ಅಕ್ಕ ಕೈ ನಿಲ್ಲಿಸಿ ಕೇಳಿದರು, "ಮುಂದಿನ ಹಗ್ಗ ಯಾರ ಕೈಯಲ್ಲಿದೆ?"

ದೋಣಿಯನ್ನು ದಡದಿಂದ ಹಿಡಿದಿಡುವ ಆ ಹಗ್ಗ ಮೂವರು ಹುಡುಗರ ಕೈಯಲ್ಲಿತ್ತು. ದಡಕ್ ಎಂದಾಗ ಮೂವರೂ ಹಗ್ಗ ಬಿಟ್ಟು ಟ್ರ್ಯಾಕ್ಟರ್ ಹಿಡಿಯಲು ಓಡಿದ್ದರು. ಉಳಿದಿಬ್ಬರು ಹಿಡಿದಿದ್ದಾರೆ ಎಂದು ಪ್ರತಿಯೊಬ್ಬನೂ ನಂಬಿದ್ದ. ಎರಡು ಟನ್ ತೂಕದ ಟ್ರ್ಯಾಕ್ಟರನ್ನು ಕೈಯಿಂದ ಹಿಡಿದು ನಿಲ್ಲಿಸುತ್ತೇವೆಂದು ಹೊರಟವರನ್ನು ಏನೆನ್ನುವುದು? ನಾವು ನೆಲದವರು, ಕೈ ಮೊದಲು ಹೋಗುವುದು ನೆಲದ ವಸ್ತುವಿನ ಕಡೆಗೇ.

ದೋಣಿಯೊಳಗೆ ಗಂಗೆ

ಗಾಳಿ ಏರಿಯ ಕಡೆಯಿಂದ ಬೀಸುತ್ತಿತ್ತು. ದೋಣಿ ನಿಧಾನವಾಗಿ, ಗೌರವದಿಂದ, ಕೆರೆಯ ನಡುವಿಗೆ ಹೋಯಿತು. ಒಳಗೆ ಅರ್ಚಕರೊಬ್ಬರೇ, ಕೈಯಲ್ಲಿ ಆರತಿಯ ತಟ್ಟೆ. ಹುಟ್ಟು ದಡದಲ್ಲಿ, ನನ್ನ ಸ್ಟೂಲಿನ ಪಕ್ಕದಲ್ಲಿ. ಮೋಟಾರನ್ನು ಕಾಂಕ್ರೀಟಿಗೆ ತಗುಲದಿರಲೆಂದು ಮೇಲಕ್ಕೆ ಎತ್ತಿ ಕಟ್ಟಿದ್ದೆವು. ಆ ದಿನ ನಾವು ಸರಿಯಾಗಿ ಮಾಡಿದ ಕೆಲಸ ಅದೊಂದೇ ಇರಬೇಕು.

ಸ್ವಲ್ಪ ಹೊತ್ತಿಗೆ ಅರ್ಚಕರು ಕೂಗಿದರು, "ದೋಣಿಯೊಳಗೆ ಗಂಗೆ ಬಂದಿದ್ದಾಳೆ!"

"ಒಳ್ಳೆಯದಾಯಿತು ಸ್ವಾಮಿ!" ಎಂದು ದಡದಿಂದ ಉತ್ತರ ಹೋಯಿತು. ಇಬ್ಬರು ಕೈಯನ್ನೂ ಮುಗಿದರು.

"ಪಾದ ಮುಳುಗಿತು!" ಎಂದರು ಅವರು. ಅದನ್ನೂ ಕೆಲವರು ಭಕ್ತಿಯಿಂದಲೇ ಕೇಳಿಸಿಕೊಂಡರು. "ಮಂಡಿಗೆ ಬರುತ್ತಿದೆಯಯ್ಯಾ, ಯಾರಾದರೂ ಬನ್ನಿ!" ಎಂದಾಗ ಅರ್ಥವಾಯಿತು.

ಸಮಿತಿಯ ಕಾರ್ಯದರ್ಶಿಗೆ ಫೋನು ಮಾಡೋಣವೆಂದು ನಾನು ಅಂಗಿಯ ಜೇಬಿಗೆ ಕೈ ಹಾಕಿದೆ. ಕಾರ್ಯದರ್ಶಿ ನನ್ನ ಪಕ್ಕದಲ್ಲೇ ನಿಂತಿದ್ದರು, ಗಾಬರಿಯಲ್ಲಿ ಬುದ್ಧಿ ಹೀಗೆ ಓಡುತ್ತದೆ. ಬೆರಳಿಗೆ ಮೊಬೈಲ್ ಸಿಗಲಿಲ್ಲ. ಸಿಕ್ಕಿದ್ದು ಗುರುತು ಹಾಕುವ ಚಾಕ್‌ಪೀಸು, ಅದರ ಜೊತೆ ಹೆಬ್ಬೆಟ್ಟಿನ ಗಾತ್ರದ ಒಂದು ಕರಿ ರಬ್ಬರು, ನಡುವೆ ಹಿತ್ತಾಳೆಯ ತಿರುಪು. ದೋಣಿಯ ಬಿರಡೆ.

ಫೈಬರ್ ದೋಣಿಯ ಹಿಂಭಾಗದ ತಳದಲ್ಲಿ ಒಂದು ತೂತು ಇರುತ್ತದೆ. ದೋಣಿ ನೆಲದ ಮೇಲಿದ್ದಾಗ ಒಳಗಿನ ಮಳೆನೀರು, ತೊಳೆದ ನೀರು ಹೊರಹೋಗಲು ಅದು. ನೀರಿಗಿಳಿಸುವ ಮೊದಲು ಬಿರಡೆ ಹಾಕಬೇಕು. ಮಾರಿದವರು ಇದನ್ನು ಎರಡು ಸಲ ಹೇಳಿದ್ದರು. ಶನಿವಾರ ಸಂಜೆ ದೋಣಿ ತೊಳೆಯಲು ನಾನೇ ಬಿಚ್ಚಿ, ಕಳೆದುಹೋಗಬಾರದೆಂದು ಜೇಬಿಗೆ ಹಾಕಿಕೊಂಡಿದ್ದೆ. ಕಳೆದುಹೋಗಲಿಲ್ಲ.

ಅದು ಒಂದು ಅಂಗುಲದ ತೂತು. ಆರು ಅಂಗುಲ ಆಳದಲ್ಲಿದ್ದರೆ ನಿಮಿಷಕ್ಕೆ ಸುಮಾರು 30 ಲೀಟರ್ ಒಳಗೆ ಬರುತ್ತದೆ, ಎರಡು ಕೊಡ ನೀರು. ಅರ್ಚಕರು ಹನ್ನೆರಡು ನಿಮಿಷ ಒಳಗಿದ್ದರು. ಮೊದಲೇ ನುಗ್ಗಿದ್ದ ನೀರನ್ನು ಸೇರಿಸಿದರೆ 450 ಲೀಟರ್‌ಗೆ ಕಡಿಮೆಯಿಲ್ಲ, ಎಂದರೆ ದೋಣಿಯ ಸ್ವಂತ ತೂಕಕ್ಕಿಂತ ಹೆಚ್ಚು. ತೀರ್ಥದ ತಂಬಿಗೆಯಲ್ಲಿ ಅವರು ನೀರು ಹೊರಚೆಲ್ಲಲು ಶುರುಮಾಡಿದ್ದರು. ನಿಮಿಷಕ್ಕೆ ಎರಡು ಕೊಡ ಬರುವಲ್ಲಿ ತಂಬಿಗೆಯಿಂದ ಎಷ್ಟು ಚೆಲ್ಲಲು ಸಾಧ್ಯ?

ಕಾಪಾಡಿದ್ದು ಟ್ಯೂಬು. ಮೀನು ಗುತ್ತಿಗೆಯವನ ಆಳೊಬ್ಬ ಲಾರಿಯ ಟ್ಯೂಬಿನ ಮೇಲೆ ಕೂತು ಬಲೆ ಬಿಡುವವನು. ಕೈಯನ್ನೇ ಹುಟ್ಟು ಮಾಡಿಕೊಂಡು ಹೋಗಿ ದೋಣಿಯ ಅಂಚು ಹಿಡಿದ. ತೂತನ್ನು ಬೆರಳಲ್ಲಿ ತಡಕಿ, ಪೂಜೆಯ ಬಾಳೆಹಣ್ಣೊಂದನ್ನು ಇಸಿದುಕೊಂಡು ಹೊರಗಿನಿಂದ ತುರುಕಿದ. ಅದು ರಸಾಯನವಾಯಿತು. ಆಮೇಲೆ ಅರ್ಚಕರು ಹೊದೆದಿದ್ದ ಶಲ್ಯವನ್ನು ಹುರಿಮಾಡಿ ತಿರುಗಿಸಿ ತುರುಕಿದ. ಅದು ನಿಂತಿತು. ದೋಣಿ, ಅದರ ಹಿಂದೆ ಟ್ಯೂಬು, ದಡಕ್ಕೆ ಬಂದವು. ಅರ್ಚಕರು ಇಳಿದು ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಆರತಿಯ ತಟ್ಟೆ ಮಾತ್ರ ಒದ್ದೆಯಾಗಿರಲಿಲ್ಲ.

ಹತ್ತಿಸುವ ಕತೆ

ಟ್ರೈಲರ್ ಇನ್ನೂ ಕೆಸರಿನಲ್ಲಿತ್ತು. ಟ್ರ್ಯಾಕ್ಟರ್ ಎಳೆದರೆ ಹಿಂದಿನ ದೊಡ್ಡ ಚಕ್ರಗಳು ಪಾಚಿಯ ಮೇಲೆ ನಿಂತಲ್ಲೇ ತಿರುಗಿ, ನೋಡುತ್ತಿದ್ದವರ ಮುಖಕ್ಕೆ ಹಸಿರು ಎರಚಿದವು. ನೀರು ಏರಿಳಿಯುವ ಪಟ್ಟಿಯಲ್ಲಿ ಯಾವಾಗಲೂ ಪಾಚಿ ಕಟ್ಟುತ್ತದೆ. ಟ್ರೈಲರ್ ಆಳಕ್ಕೆ ಹೋದಾಗ ಟ್ರ್ಯಾಕ್ಟರ್ ಚಕ್ರ ಬಂದು ಕೂರುವುದು ಸರಿಯಾಗಿ ಅಲ್ಲೇ. "ಜೆಸಿಬಿ ಕರೆಸೋಣ" ಎಂದ ಒಬ್ಬ ಯುವಕ. ನಮ್ಮ ಕಡೆ ಯಾವ ಕೆಲಸದಲ್ಲೂ ಈ ಮಾತು ಹತ್ತು ನಿಮಿಷದೊಳಗೆ ಬರುತ್ತದೆ.

ಆಗ ನೀರುಗಂಟಿ ತಾತ ಏರಿಯಿಂದ ಇಳಿದು ಬಂದರು. ಎಪ್ಪತ್ತು ದಾಟಿದವರು, ತೂಬು ಎತ್ತಿ ಗದ್ದೆಗೆ ನೀರು ಬಿಡುವುದು ಅವರ ಮನೆತನದ ಕೆಲಸ. ಕೆರೆ ಬತ್ತಿದ ವರ್ಷಗಳಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೊಂದು ಸಲ ಕೆರೆಯಂಗಳ ಸುತ್ತಿದವರು. ಕಾಂಕ್ರೀಟು ಹಾಕುವಾಗ ಅಲ್ಲೇ ಕೂತು ನೋಡಿದವರು.

"ಆ ಹೊಂಗೆಮರದ ಬುಡದಿಂದ ಕೋಡಿಗಲ್ಲಿನ ಕಡೆ ನೋಡು. ಆ ಗೆರೆಗೆ ಕಾಂಕ್ರೀಟು ಮುಗಿಯುತ್ತದೆ. ಬೆಳಿಗ್ಗೆಯಿಂದ ನಲವತ್ತು ಜನ ಕೂಗುತ್ತಿದ್ದಿರಿ, ನನ್ನನ್ನು ಒಬ್ಬರೂ ಕೇಳಲಿಲ್ಲ" ಎಂದರು.

ಯಾರೂ ಮಾತಾಡಲಿಲ್ಲ. ಅವರೇ ದಾರಿ ಹೇಳಿದರು. ಟ್ರೈಲರ್ ಚಕ್ರದ ಮುಂದೆ ಸೈಜುಗಲ್ಲು ಜೋಡಿಸಿ ಮೆಟ್ಟಿಲು ಮಾಡಿ, ಟ್ರ್ಯಾಕ್ಟರ್ ಚಕ್ರದಡಿ ಗೋಣಿಚೀಲ ಹಾಸಿ ಮರಳು ಚೆಲ್ಲಿ, ಮೇಲಿನ ಒಣನೆಲದಲ್ಲಿ ಇನ್ನೊಂದು ಟ್ರ್ಯಾಕ್ಟರ್ ನಿಲ್ಲಿಸಿ ಸರಪಳಿ ಕಟ್ಟಿ ಎಳೆದೆವು. ಟ್ರೈಲರ್ ಕಾಂಕ್ರೀಟಿಗೆ ಹತ್ತಿತು.

ದೋಣಿ ಹತ್ತಿಸುವುದು ಇನ್ನೊಂದು ಅವಾಂತರ. ಮೂತಿಯನ್ನು ಟ್ರೈಲರ್‌ಗೆ ತಾಗಿಸಿ ವಿಂಚ್ ತಿರುಗಿಸಿದರೆ ಗಾಳಿಗೆ ಹಿಂಭಾಗ ಓರೆಯಾಗುತ್ತದೆ. ಎರಡು ಸಲ ದೋಣಿ ಒಂದು ಚಕ್ರದ ಮಡ್‌ಗಾರ್ಡಿನ ಮೇಲೆ ಕೂತಿತು, ಮದುವೆಮನೆಯಲ್ಲಿ ಬೇರೆಯವರ ಕುರ್ಚಿಯಲ್ಲಿ ಕೂತ ನೆಂಟನಂತೆ. ಮೂರನೆಯ ಸಲ ಇಬ್ಬರು ನೀರಿಗಿಳಿದು ಎರಡೂ ಬದಿಯಲ್ಲಿ ಹಿಡಿದರು. ಆದರೆ ಒಳಗಿದ್ದ ನೀರಿನ ಭಾರಕ್ಕೆ ವಿಂಚಿನ ಹಿಡಿ ನನ್ನ ಕೈ ತಪ್ಪಿ ಹಿಮ್ಮುಖ ತಿರುಗಿತು. ಗೆಣ್ಣಿನ ಚರ್ಮ ಸುಲಿಯಿತು. ಬೆರಳು ಉಳಿದದ್ದೇ ಪುಣ್ಯ.

"ಅವಸರ ಬೇಡ. ಅರ್ಧ ಎಳೆದು ನಿಲ್ಲಿಸು. ತೂತು ನೀರಿನ ಮೇಲೆ ಬರಲಿ, ಆ ಬಟ್ಟೆ ಕಿತ್ತುಹಾಕು" ಎಂದರು ತಾತ.

ಶಲ್ಯ ಕಿತ್ತೆವು. ಬೆಳಿಗ್ಗೆ ಮಾನ ಕಳೆದ ತೂತು ಈಗ ಉಪಕಾರಕ್ಕೆ ನಿಂತಿತು. ಹೆಬ್ಬೆಟ್ಟು ಗಾತ್ರದ ಧಾರೆ ಇಪ್ಪತ್ತು ನಿಮಿಷ ಸುರಿಯಿತು. ತಾತ ಕುಕ್ಕರುಗಾಲಿನಲ್ಲಿ ಕೂತು ಅದನ್ನೇ ನೋಡುತ್ತಿದ್ದರು. "ಇದು ತೂಬು ಕಣಯ್ಯಾ. ತೂಬು ಮುಚ್ಚದೆ ಕೆರೆ ತುಂಬಿಸುವ ದಡ್ಡರನ್ನು ಕಂಡಿದ್ದೆ. ತೂಬು ಮುಚ್ಚದೆ ಕೆರೆಯನ್ನೇ ಒಳಗೆ ಬಿಟ್ಟುಕೊಂಡವರನ್ನು ಇವತ್ತೇ ಕಂಡದ್ದು" ಎಂದರು.

ತಪ್ಪುಗಳ ವಿಚಾರ

ಸಮಿತಿಗೆ ಕೊಟ್ಟ ಎರಡು ಪುಟದಲ್ಲಿ ಬಿರಡೆ, ಹಗ್ಗ, ಪಾಚಿ, ಇಳಿಜಾರಿನ ತುದಿ ಎಂದು ನಾಲ್ಕು ಕಾರಣ ಬರೆದಿದ್ದೆ. ಅವು ನಿಜ. ಆದರೆ ನನ್ನನ್ನು ಈಗಲೂ ಕಾಡುವುದು ಬೇರೆ. ಅಲ್ಲಿ ಗಾಡಿ ಬಲ್ಲವನು ಇದ್ದ, ಕಬ್ಬಿಣ ಬಲ್ಲ ನಾನಿದ್ದೆ, ನೀರು ಬಲ್ಲ ಮೀನಿನವರು ಇದ್ದರು, ಆ ಕೆರೆಯ ತಳವನ್ನೇ ಬಲ್ಲ ತಾತ ಇದ್ದರು. ನೆಲ ಮುಗಿದು ನೀರು ಶುರುವಾಗುವ ಆ ಇಪ್ಪತ್ತು ಅಡಿ ಯಾರ ಸುಪರ್ದಿಗೂ ಸೇರಿರಲಿಲ್ಲ. ಒಳ್ಳೆಯ ಗಂಟು ಹಾಕಿದೆ, ಅದನ್ನು ಬಿಚ್ಚಬೇಕಾದ ಜಾಗ ನೀರೊಳಗೆ ಹೋಗುತ್ತದೆಂದು ಹೊಳೆಯಲಿಲ್ಲ. ಮೀನಿನವನಿಗೆ ಬಿರಡೆಯ ಕಲ್ಪನೆಯೇ ಇಲ್ಲ, ಟ್ಯೂಬಿನ ತಳದಲ್ಲಿ ಯಾರು ತೂತು ಕೊರೆಯುತ್ತಾರೆ?

ನನ್ನ ಮೂರನೆಯ ತಪ್ಪು ಒಂದು ತಿಂಗಳಾದ ಮೇಲೆ ಹೊರಬಿತ್ತು. ಟ್ರೈಲರ್‌ನ ಒಂದು ಚಕ್ರ ಕಿರುಗುಟ್ಟಿ ಬಿಗಿಯಿತು. ಚಕ್ರದ ನಡುವಿನ ಹಬ್ ಬಿಚ್ಚಿದರೆ ಗ್ರೀಸು ಹಾಲು ಬೆರೆಸಿದ ರಾಗಿ ಅಂಬಲಿಯಂತಾಗಿತ್ತು, ಬೇರಿಂಗ್ ತುಕ್ಕು ಹಿಡಿದಿತ್ತು. 12 ಕಿಲೋಮೀಟರ್ ಓಡಿ ಬಿಸಿಯಾದ ಹಬ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ದೋಣಿಯ ಟ್ರೈಲರ್ ಬಲ್ಲವರು ಇಳಿಸುವ ಮೊದಲು ಸ್ವಲ್ಪ ಹೊತ್ತು ಆರಲು ಬಿಡುವುದು ಇದಕ್ಕೇ. ಟೊಮೆಟೊ ಗಾಡಿ ನೀರಿಗಿಳಿಯುವುದಿಲ್ಲವಾದ್ದರಿಂದ ನನಗೆ ಈ ಪಾಠ ಸಿಕ್ಕಿರಲಿಲ್ಲ. ಎರಡೂ ಬೇರಿಂಗ್‌ಗಳನ್ನು ನನ್ನ ಖರ್ಚಿನಲ್ಲಿ ಬದಲಿಸಿದೆ.

ಮುಂದಿನ ಶನಿವಾರ

ತೆಪ್ಪೋತ್ಸವದ ಮುನ್ನಾದಿನ ಮತ್ತೆ ಇಳಿಸಿದೆವು. ಅಷ್ಟರಲ್ಲಿ ಟ್ರೈಲರ್‌ನ ಹಿಂದೆ ಎರಡು ಬದಿಗೂ ನಿಲುವು ಪೈಪು ಬೆಸೆದಿದ್ದೆ. ದೋಣಿ ಇನ್ನು ಓರೆಯಾಗಿ ಕೂರುವಂತಿಲ್ಲ, ನೀರೊಳಗೆ ಟ್ರೈಲರ್ ಎಲ್ಲಿದೆಯೆಂದೂ ಕಾಣುತ್ತದೆ. ವಿಂಚಿಗೆ ಹಿಮ್ಮುಖ ತಿರುಗದಂತೆ ಹಲ್ಲು, ಕೊಂಡಿ ಕೂರಿಸಿದೆ. ಪಾಚಿಯನ್ನು ಹುಡುಗರು ಸುಣ್ಣದಪುಡಿ ಎರಚಿ ತೆಂಗಿನ ಪೊರಕೆಯಲ್ಲಿ ಉಜ್ಜಿದರು. ತಾತ ಹೊಂಗೆಮರ, ಕೋಡಿಗಲ್ಲು ನೋಡಿ ಕಾಂಕ್ರೀಟಿನ ತುದಿಗೆ ಮೂರು ಅಡಿ ಈಚೆಗೆ ಎರಡು ಬಿದಿರು ಗಳ ನೆಟ್ಟು ಕೆಂಪು ಬಟ್ಟೆ ಕಟ್ಟಿದರು. ಚಕ್ರ ಅಲ್ಲಿಗೆ ನಿಲ್ಲಬೇಕು. ಆಮೇಲೆ ಕಡಿಮೆ ಬೀಳುವ ಆಳವನ್ನು ನಾಲ್ಕು ಜನ ತಳ್ಳಿ ಸರಿಮಾಡಬೇಕು.

ಹಗ್ಗ ಬಿಚ್ಚುವುದು, ಬಿರಡೆ ಹಾಕುವುದು, ಹುಟ್ಟು ಒಳಗಿಡುವುದು, ಎಲ್ಲವೂ ಹೊಂಗೆಮರದ ನೆರಳಿನಲ್ಲೇ ಮುಗಿಯಿತು. ಮುಂದಿನ ಹಗ್ಗವನ್ನು ಯಾರ ಕೈಗೂ ಕೊಡದೆ ಕಲ್ಲುಕಂಬಕ್ಕೆ ಕಟ್ಟಿದೆವು. ಕೂಗುವ ಅಧಿಕಾರ ಬಟ್ಟೆ ಒಗೆಯುವ ಆ ಅಕ್ಕನಿಗೆ ಎಂದು ಸಮಿತಿ ತಮಾಷೆಗೆ ಹೇಳಿತು. ಅವರು ನಿಜವಾಗಿಯೂ ವಹಿಸಿಕೊಂಡರು. "ಸಾಕು" ಎಂಬ ಅವರ ಒಂದು ಮಾತಿಗೆ ಟ್ರ್ಯಾಕ್ಟರ್ ನಿಂತಿತು. ಆರು ನಿಮಿಷಕ್ಕೆ ದೋಣಿ ನೀರಿನ ಮೇಲಿತ್ತು. ನೋಡಲು ಬಂದವರಲ್ಲಿ ಕೆಲವರು ಮೋಸ ಹೋದವರಂತೆ ವಾಪಸಾದರು.

ಬಿರಡೆಗೆ ಊರಿನಲ್ಲಿ ಈಗ ಬಿರಡೆಯೆಂಬ ಹೆಸರಿಲ್ಲ, ತೂಬು ಎಂದೇ ಕರೆಯುತ್ತಾರೆ. ಅದು ಕೆಂಪು ದಾರದಲ್ಲಿ ಟ್ರ್ಯಾಕ್ಟರ್ ಕೀಲಿಯ ಜೊತೆ ನೇತಾಡುತ್ತದೆ. ಅದನ್ನು ಬಿಡಿಸಿ ದೋಣಿಗೆ ಹಾಕದೆ ಗಾಡಿ ಇಳಿಜಾರಿಗೆ ಹೋಗಬಾರದೆಂದು ತಾತನ ಅಪ್ಪಣೆ. ಅರ್ಚಕರು ಆರತಿಯನ್ನು ದಡದಲ್ಲೇ ಎತ್ತುತ್ತಾರೆ. ಎತ್ತುವ ಮೊದಲು ಕಲ್ಲುಕಂಬದವರೆಗೆ ನಡೆದುಹೋಗಿ ಗಂಟನ್ನು ಒಮ್ಮೆ ಜಗ್ಗಿ ನೋಡುತ್ತಾರೆ, ಆಮೇಲೆ ನನ್ನ ಅಂಗಿಯ ಜೇಬಿನ ಕಡೆ ನೋಡುತ್ತಾರೆ, ಆಮೇಲೆ ಮಂತ್ರ.